ಹಾಡಿನ ಹಿಂದೆ ಯಾರೋ ಬಿಳಿ ಐದು ಒತ್ತಿ ಹಿಡಿದಿದ್ದರು

ಬ್ಲೂಟೂತ್ ಸ್ಪೀಕರ್ ತಂದುಕೊಟ್ಟ ದಿನ ಅಪ್ಪ ಹತ್ತು ನಿಮಿಷ ಸುಮ್ನೆ ಕೂತು ಕೇಳಿದ. ಆಮೇಲೆ ಅಂದ: ‘ಹಾಡೋರು ಅದಾರ. ತಬಲಾ ಅದ. ತಂಬೂರಿ ಎಲ್ಲಿ ಹೋತು?’

ಎರಡು ವರ್ಷದ ನನ್ನ ಒದ್ದಾಟ ಶುರುವಾಗಿದ್ದು ಈ ಒಂದು ಮಾತಿನಿಂದ.

ಅಪ್ಪ ಓಣಿಯ ಭಜನಾ ಮಂಡಳಿಯಲ್ಲಿ ನಲವತ್ತು ವರ್ಷದಿಂದ ಹಾರ್ಮೋನಿಯಂ ಬಾರಿಸುವವನು. ದೊಡ್ಡ ಉಸ್ತಾದನೇನಲ್ಲ. ಆದರೆ ಕಿವಿ ಮಾತ್ರ ಬಲು ಚುರುಕು. ನಮ್ಮ ರಾಯಚೂರಿನ ಸಿದ್ಧರಾಮ ಜಂಬಲದಿನ್ನಿ, ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು, ಇವರ ಹೆಸರು ಬಂದರೆ ಊಟ ಬಿಟ್ಟು ಮಾತಿಗೆ ಕೂರುತ್ತಾನೆ. ಮನೆಯಲ್ಲಿ ನೂರಕ್ಕೂ ಹೆಚ್ಚು ಕ್ಯಾಸೆಟ್ಟು, ಅರವತ್ತು ಚಿಲ್ಲರೆ ಸಿಡಿ ಇದ್ದವು. ಅವನ ಟೇಪ್ ರಿಕಾರ್ಡರ್ ಕೆಟ್ಟು ಕೂತ ಮೇಲೆ ಎಲ್ಲಾ ಟ್ರಂಕು ಸೇರಿದ್ದವು.

ನಾನು ರಾಜೇಂದ್ರ ಗಂಜ್‌ನ ಒಂದು ಹತ್ತಿ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ದಿನವಿಡೀ ಕಂಪ್ಯೂಟರ್ ಮುಂದೆಯೇ ಇರುವುದರಿಂದ ಅದರ ಭಯ ಇರಲಿಲ್ಲ. ‘ಹಾಡು ಕೇಳುವುದಕ್ಕೆ ಅಂತಲೇ ಒಂದು ಕಂಪ್ಯೂಟರ್ ಕೂಡಿಸುತ್ತೇನೆ’ ಅಂದಾಗ ಅವ್ವ, ‘ದಿನಾ ಅದನ್ನ ನೋಡಿ ನೋಡಿ ಕಣ್ಣು ಹೋದವು, ಈಗ ಕಿವೀನೂ ಕೊಡ್ತೀಯೇನು’ ಅಂದಳು.

ಮೊದಲ ತಪ್ಪನ್ನು ಹೇಳಿಬಿಡುತ್ತೇನೆ, ನಾಚಿಕೆ ಆದರೂ ಸರಿ. ನನ್ನ ಹತ್ತಿರ ಹಳೆಯ ಹಾರ್ಡ್ ಡಿಸ್ಕಿನಲ್ಲಿ 40 ಜಿಬಿ ಎಂಪಿ3 ಹಾಡುಗಳಿದ್ದವು. ಕಾಲೇಜು ದಿನಗಳಲ್ಲಿ ಪೆನ್ ಡ್ರೈವಿನಿಂದ ಪೆನ್ ಡ್ರೈವಿಗೆ ದಾಟಿ ಬಂದ ಸರಕು. ಎಫ್‌ಎಲ್‌ಎಸಿ, ಅಂದರೆ ಫ್ಲ್ಯಾಕ್ ಅನ್ನುವ ರೂಪದಲ್ಲಿ ಹಾಡಿನ ಒಂದು ಚೂರೂ ನಷ್ಟ ಆಗುವುದಿಲ್ಲ ಅಂತ ಎಲ್ಲೋ ಓದಿದೆ. ಸರಿ, ಎರಡು ರಾತ್ರಿ ಕೂತು ಆ ಎಂಪಿ3ಗಳನ್ನೆಲ್ಲಾ ಫ್ಲ್ಯಾಕ್ ಮಾಡಿದೆ. ಡಿಸ್ಕು ತುಂಬಿತು. ಹಾಡು ಮಾತ್ರ ಮೊದಲಿನಂತೆಯೇ ಇತ್ತು. ಒಡೆದ ಹಾಲನ್ನು ಬೆಳ್ಳಿ ಬಟ್ಟಲಿಗೆ ಸುರಿದಿದ್ದೆ, ಅಷ್ಟೇ. ಎಂಪಿ3 ಮಾಡುವಾಗ ಒಮ್ಮೆ ಕಿತ್ತು ಬಿಸಾಡಿದ ದನಿ ಮತ್ತೆ ಹುಟ್ಟುವುದಿಲ್ಲ. ಸ್ಪೆಕ್ ಅನ್ನುವ ಪುಕ್ಕಟೆ ತಂತ್ರಾಂಶದಲ್ಲಿ ಹಾಕಿ ನೋಡಿದರೆ ಚಿತ್ರದಲ್ಲೇ ಗೊತ್ತಾಗುತ್ತದೆ. 128 ಕೆಬಿಪಿಎಸ್, ಅಂದರೆ ಸೆಕೆಂಡಿಗೆ 128 ಕಿಲೋಬಿಟ್‌ಗೆ ಹಿಂಡಿದ ಹಾಡುಗಳಲ್ಲಿ 16 ಕಿಲೋಹರ್ಟ್ಸ್ (ಸೆಕೆಂಡಿಗೆ 16,000 ಕಂಪನ) ಮೇಲೆ ಕುಡುಗೋಲಲ್ಲಿ ಕೊಯ್ದ ಹಾಗೆ ಖಾಲಿ.

ಟ್ರಂಕಿನಲ್ಲಿದ್ದ ಸಿಡಿಗಳೇ ನಿಜವಾದ ಆಸ್ತಿ ಅನ್ನುವುದು ಆಗ ಹೊಳೆಯಿತು. 1982ರಲ್ಲಿ ಮಾರುಕಟ್ಟೆಗೆ ಬಂದ ಸಿಡಿಯ ಲೆಕ್ಕ ಇವತ್ತಿಗೂ ಅದೇ. ಒಂದು ಸೆಕೆಂಡಿಗೆ ದನಿಯನ್ನು 44,100 ಸಲ ಅಳೆದು, ಪ್ರತಿ ಅಳತೆಯನ್ನೂ 16 ಬಿಟ್‌ನಲ್ಲಿ ಬರೆದಿಡುತ್ತಾರೆ. ಮನುಷ್ಯನ ಕಿವಿ ಹೆಚ್ಚೆಂದರೆ 20 ಕಿಲೋಹರ್ಟ್ಸ್‌ವರೆಗೆ ಕೇಳುತ್ತದೆ. ಅದಕ್ಕೆ ಈ ಅಳತೆ ಸಾಕು. ನನ್ನಂತೆ ನಲವತ್ತು ದಾಟಿದವರಿಗೆ ಅಷ್ಟೂ ಕೇಳುವುದಿಲ್ಲ ಬಿಡಿ. ಹಳೆಯ ಸಿಡಿ ಡ್ರೈವ್ ಒಂದನ್ನು ಹುಡುಕಿ, ಎಕ್ಸಾಕ್ಟ್ ಆಡಿಯೋ ಕಾಪಿ ಅನ್ನುವ ತಂತ್ರಾಂಶದಿಂದ ಒಂದೊಂದೇ ಸಿಡಿ ಓದಿಸಿದೆ. ಗೀಚು ಬಿದ್ದ ಜಾಗವನ್ನು ಅದು ಮತ್ತೆ ಮತ್ತೆ ಓದುತ್ತದೆ. ಅದೇ ಸಿಡಿಯನ್ನು ಬೇರೆಯವರು ಓದಿಸಿದಾಗ ಬಂದ ಲೆಕ್ಕದ ಜೊತೆ ತಾಳೆಯನ್ನೂ ನೋಡುತ್ತದೆ. ಲೆಕ್ಕ ಬರೆಯುವವನಿಗೆ ಇದು ಬಹಳ ಹಿಡಿಸಿತು. ಕೆಲವು ಸಿಡಿಗೆ ಹತ್ತು ನಿಮಿಷ, ಕೆಲವಕ್ಕೆ ಇಡೀ ರಾತ್ರಿ. ಮೂರು ಸಿಡಿ ಏನು ಮಾಡಿದರೂ ಬಗ್ಗಲಿಲ್ಲ. ಅವುಗಳನ್ನು ಅಪ್ಪ ಇನ್ನೂ ಬಿಸಾಡಲು ಬಿಟ್ಟಿಲ್ಲ.

ಆಮೇಲೆ ಸಾಮಾನು ಕೊಳ್ಳುವ ಕೆಲಸ. ನಮಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ಬೆಳಗಿನ ಬಸ್ಸು ಹತ್ತಿದೆ. ಶಕ್ತಿನಗರದ ಚಿಮಣಿಗಳನ್ನು ದಾಟಿ, ಕೃಷ್ಣಾ ಸೇತುವೆ ದಾಟಿ, ಮಧ್ಯಾಹ್ನದ ಹೊತ್ತಿಗೆ ಸಿಕಂದರಾಬಾದಿನ ಸಿಟಿಸಿಯಲ್ಲಿದ್ದೆ. ಕಂಪ್ಯೂಟರ್ ಬಿಡಿಭಾಗಗಳ ದೊಡ್ಡ ಸಂತೆ ಅದು. ಕಂಪನಿ ಆಫೀಸುಗಳಿಂದ ಬಂದ, ಊಟದ ಡಬ್ಬಿಗಿಂತ ಸ್ವಲ್ಪ ದೊಡ್ಡದಾದ ಹಳೆಯ ಮಿನಿ ಪಿಸಿ 9,000 ರೂಪಾಯಿಗೆ ಸಿಕ್ಕಿತು. ಹಾಡು ಕೇಳಲು ಭಾರೀ ಶಕ್ತಿಯ ಕಂಪ್ಯೂಟರ್ ಬೇಕಿಲ್ಲ, ಸದ್ದು ಮಾಡಬಾರದು ಅಷ್ಟೇ. ಅದಕ್ಕೇ ತಿರುಗುವ ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿದೆ. ಅಲ್ಲಿಂದ ಕೋಠಿಯ ಗುಜರಾತಿ ಗಲ್ಲಿಗೆ ಹೋದೆ. ಆಂಪ್ಲಿಫೈಯರ್, ವೈರು, ಪಿನ್ನು, ಏನು ಕೇಳಿದರೂ ಇರುವ ಜಾಗ. ಒಂದು ಸಣ್ಣ ಕ್ಲಾಸ್-ಡಿ ಆಂಪ್ಲಿಫೈಯರ್ ತಗೊಂಡೆ. ಈ ಜಾತಿಯವು ಹೆಚ್ಚು ಬಿಸಿಯಾಗುವುದಿಲ್ಲ. ನಮ್ಮೂರ ಮೇ ತಿಂಗಳಲ್ಲಿ ಅದೂ ಒಂದು ಗುಣವೇ. ಸ್ಪೀಕರ್ ಮಾತ್ರ ಸೆಕೆಂಡ್ ಹ್ಯಾಂಡ್, ಕೋಲ್ಕತ್ತಾದ ಸೋನೋಡೈನ್ ಕಂಪನಿಯ ಜೋಡಿ, 12,000. ಡ್ಯಾಕ್ ಆನ್‌ಲೈನಲ್ಲಿ ತರಿಸಿದೆ.

ಡ್ಯಾಕ್ ಅಂದರೆ ಕಂಪ್ಯೂಟರಿನ ಅಂಕಿಗಳನ್ನು ದನಿಯ ಅಲೆಯಾಗಿ ಮಾಡುವ ಪೆಟ್ಟಿಗೆ. ಎಲ್ಲಾ ಕಂಪ್ಯೂಟರಿನಲ್ಲೂ ಒಂದು ಇದ್ದೇ ಇರುತ್ತದೆ. ಆದರೆ ಅದು ಫ್ಯಾನು, ಪ್ರೊಸೆಸರು, ವೈಫೈ ಎಲ್ಲದರ ಗದ್ದಲದ ನಡುವೆ ಕೂತಿರುತ್ತದೆ. ಸಂತೆಯಲ್ಲಿ ಕೂತು ಜಪ ಮಾಡಿದ ಹಾಗೆ. ಯುಎಸ್‌ಬಿ ಮೂಲಕ ಹೊರಗೆ ತಂದರೆ ಅದಕ್ಕೆ ಸ್ವಲ್ಪ ನೆಮ್ಮದಿ. ಡ್ಯಾಕ್‌ಗೆ ಲಕ್ಷ ಕೊಡುವವರೂ ಇದ್ದಾರೆ. ನಾನು ಕೊಟ್ಟಿದ್ದು 8,500. ಅದಕ್ಕಿಂತ ಜಾಸ್ತಿ ಕೊಟ್ಟಿದ್ದರೆ ನನ್ನ ಕಿವಿಗೆ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ, ಮನೆಯಲ್ಲಿ ಮಾತ್ರ ಗೊತ್ತಾಗುತ್ತಿತ್ತು. ಅವ್ವನಿಗೆ ಎಲ್ಲಾ ಸೇರಿ 12,000 ಆಯಿತು ಅಂದಿದ್ದೇನೆ. ಅವಳು ಇದನ್ನು ಓದುವುದಿಲ್ಲ ಅಂದುಕೊಂಡಿದ್ದೇನೆ.

ಎಲ್ಲಾ ಜೋಡಿಸಿ ಮೊದಲ ಸಲ ಅಪ್ಪನನ್ನು ಕೂರಿಸಿದೆ. ಆಲಾಪ ನಿಧಾನಕ್ಕೆ ಏರುತ್ತಿತ್ತು. ಅಪ್ಪ ಕಣ್ಣು ಮುಚ್ಚಿದ್ದ. ಅಷ್ಟರಲ್ಲಿ ‘ಟಿಂಗ್!’ ಅಂಗಡಿಯ ವಾಟ್ಸಾಪ್ ಗುಂಪಿನಲ್ಲಿ ಯಾರೋ ಹತ್ತಿ ರೇಟು ಹಾಕಿದ್ದರು. ಎರಡು ಸ್ಪೀಕರಿನಿಂದ ಪೂರ್ತಿ ದನಿಯಲ್ಲಿ ಬಂತು.

ವಿಂಡೋಸ್ ಎಲ್ಲಾ ಸದ್ದನ್ನೂ ಒಂದೇ ಕಡಾಯಿಗೆ ಹಾಕಿ ಕಲಸುತ್ತದೆ. ಹಾಡು, ಟಿಂಗು, ವಿಡಿಯೋ ಎಲ್ಲಾ ಸೇರಿ ಒಂದೇ ಅಳತೆಗೆ ಬರಬೇಕು. ನನ್ನ ಕಂಪ್ಯೂಟರಿನಲ್ಲಿ ಆ ಅಳತೆ 48,000 ಅಂತ ಇತ್ತು, ಸಿಡಿಯದು 44,100. ಅಂದರೆ ಪ್ರತಿ ಹಾಡೂ ದಾರಿಯಲ್ಲಿ ಒಮ್ಮೆ ಬದಲಾಗಿ ಹೋಗುತ್ತಿತ್ತು. ಫೂಬಾರ್2000 ಅನ್ನುವ ಪುಕ್ಕಟೆ ಪ್ಲೇಯರ್ ಹಾಕಿ, ಅದರಲ್ಲಿ ವಾಸಾಪಿ ಎಕ್ಸ್‌ಕ್ಲೂಸಿವ್ ಅನ್ನುವ ದಾರಿ ಆರಿಸಿದೆ. ಆಗ ಡ್ಯಾಕ್ ಆ ಪ್ಲೇಯರಿನ ಒಬ್ಬನದೇ ಸ್ವತ್ತು. ಫೈಲಿನಲ್ಲಿದ್ದ ಅಂಕಿ ಇದ್ದ ಹಾಗೇ ತಲುಪುತ್ತದೆ, ಬೇರೆ ಯಾರ ಸದ್ದಿಗೂ ಒಳಗೆ ಪ್ರವೇಶವಿಲ್ಲ. ದನಿ ಎಷ್ಟು ಸುಧಾರಿಸಿತು ಅಂತ ಆಣೆ ಮಾಡಿ ಹೇಳಲಾರೆ. ಟಿಂಗು ನಿಂತಿದ್ದೇ ದೊಡ್ಡ ಸುಖ.

ಮುಂದಿನದು ಫ್ಯಾನ್. ಕಂಪ್ಯೂಟರಿನ ಒಳಗಿನ ಸಣ್ಣ ಫ್ಯಾನು ಜನವರಿಯಲ್ಲಿ ಇದೆಯೋ ಇಲ್ಲವೋ ಅನ್ನುವಂತಿತ್ತು. ಏಪ್ರಿಲ್ ಬಂತು, ಹೊರಗೆ ಬಿಸಿಲು 42 ಡಿಗ್ರಿ. ಅದು ಕಿವಿಯ ಹತ್ತಿರ ನೊಣ ಹಾರಾಡಿದ ಹಾಗೆ ಗುಂಯ್‌ಗುಟ್ಟತೊಡಗಿತು. ನಮ್ಮದು ಹಳೇ ಮನೆ, ಗೋಡೆ ಒಂದೂವರೆ ಅಡಿ ದಪ್ಪ. ಗೋಡೆಗೆ ತೂತು ಕೊರೆಸಿ ಕಂಪ್ಯೂಟರನ್ನು ಆಚೆ ಕೋಣೆಗೆ ಸಾಗಿಸಿದೆ. ಯುಎಸ್‌ಬಿ 2.0 ಕೇಬಲ್ 5 ಮೀಟರಿಗಿಂತ ಉದ್ದ ಇರಬಾರದು, ಅಷ್ಟರೊಳಗೆ ಲೆಕ್ಕ ಹಾಕಿ ಜಾಗ ಗುರುತು ಮಾಡಿದ್ದೆ. ಹಾಡು ಬದಲಿಸುವುದೆಲ್ಲಾ ಫೋನಿನಿಂದ. ಈಚೆ ಕೋಣೆಯಲ್ಲಿ ಈಗ ಡ್ಯಾಕು, ಆಂಪ್ಲಿಫೈಯರು, ಎರಡು ಸ್ಪೀಕರು, ಅಪ್ಪನ ಕುರ್ಚಿ ಇಷ್ಟೇ.

ಅಪ್ಪ ಮತ್ತೆ ಬಂದು ಕೂತ. ಖ್ಯಾಲ್ ಹಚ್ಚಿದೆ. ಈ ಸಲ ತಂಬೂರಿ ಕೇಳುತ್ತಿತ್ತು. ಎಡಗಡೆಯಿಂದ, ಹಾಡುವವರ ಸ್ವಲ್ಪ ಹಿಂದಿನಿಂದ. ನಾನು ಅಪ್ಪನ ಮುಖ ನೋಡುತ್ತಾ ನಿಂತೆ, ಪರೀಕ್ಷೆ ಫಲಿತಾಂಶಕ್ಕೆ ಕಾದವನ ಹಾಗೆ. ಅಪ್ಪ ಹುಬ್ಬು ಗಂಟಿಕ್ಕಿದ.

‘ಪಂಚಮದ ತಂತಿ ಇಳಿದದಲ್ಲೋ.’

‘ಸಿಡಿಯಾಗ ಹೆಂಗ ಇಳೀತದಪ್ಪ? ರಿಕಾರ್ಡ್ ಆಗಿದ್ದು ಆಗೇದ.’

‘ನೀ ಸುಮ್ನಿರು’ ಅಂದವನೇ ಹಾರ್ಮೋನಿಯಂ ಎಳೆದುಕೊಂಡ. ಅದರ ಕರಿ, ಬಿಳಿ ಮನೆಗಳನ್ನು ಎಣಿಸಿಯೇ ಅವನು ಸ್ವರ ಹೇಳುವುದು. ‘ಹಾಡೋರು ಕರಿ ಒಂದರಾಗ ಹಾಡಕತ್ತಾರ. ಪಂಚಮ ಅಂದ್ರ ಕರಿ ನಾಕು. ಇಲ್ಲಿ ಯಾರೋ ಬಿಳಿ ಐದು ಒತ್ತಿ ಹಿಡಿದಾರ. ಕೇಳು.’ ಬಿಳಿ ಐದನ್ನು ಒತ್ತಿ ಹಿಡಿದ. ‘ಇದಕ್ಕಿಂತ ಕೂದಲೆಳಿ ಮ್ಯಾಲ.’

ಹಾಡು ನಿಲ್ಲಿಸಿದೆ. ತಂಬೂರಿ ನಿಂತಿತು. ಬಿಳಿ ಐದು ನಿಲ್ಲಲಿಲ್ಲ. ಸ್ಪೀಕರಿಗೆ ಕಿವಿ ಕೊಟ್ಟರೆ ಸಣ್ಣಗೆ ‘ಗುಂಂಂ’ ಅನ್ನುತ್ತಲೇ ಇತ್ತು. ದಿನಗಟ್ಟಲೆ ಅದೇ ಕೋಣೆಯಲ್ಲಿ ಕೂತಿದ್ದ ನನಗೆ ಅದು ಕೇಳಿಸಿಯೇ ಇರಲಿಲ್ಲ.

ಆಮೇಲೆ ಲೆಕ್ಕ ಹಾಕಿದಾಗ ರೋಮಾಂಚನ ಆಯಿತು. ನಮ್ಮ ಮನೆಗೆ ಬರುವ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಆಡುತ್ತದೆ. ಅದರ ಗುಂಯ್‌ಕಾರದಲ್ಲಿ 50 ಹರ್ಟ್ಸ್, ಅದರ ದುಪ್ಪಟ್ಟು 100 ಹರ್ಟ್ಸ್ ಇರುತ್ತವೆ. ನನ್ನ ಸಣ್ಣ ಸ್ಪೀಕರಿಗೆ 50 ಸರಿಯಾಗಿ ನುಡಿಸಲು ಬರುವುದಿಲ್ಲ, 100 ಚೆನ್ನಾಗಿ ಬರುತ್ತದೆ. ಹಾರ್ಮೋನಿಯಂನ ಬಿಳಿ ಐದು, ಕೆಳಗಿನ ಸಪ್ತಕದಲ್ಲಿ, 98 ಹರ್ಟ್ಸ್. ಕೂದಲೆಳೆ ಮೇಲೆ ಅಂದರೆ 100. ಅಪ್ಪ ಅಳತೆಯ ಯಂತ್ರ ಮುಟ್ಟದೆ ಎರಡು ಹರ್ಟ್ಸ್ ವ್ಯತ್ಯಾಸ ಹೇಳಿದ್ದ.

ಇಷ್ಟಾದ ಮೇಲೆ ಬಿಡುವುದುಂಟಾ? ಕೇಬಲ್ ಬದಲಿಸಿದೆ. ಡ್ಯಾಕ್ ಜಾಗ ಬದಲಿಸಿದೆ. ಏನೂ ಆಗಲಿಲ್ಲ. ಒಂದು ದಿನ ಅಪ್ಪ ಆಚೆ ಕೋಣೆಗೆ ಬರಿಗಾಲಲ್ಲಿ ಹೋಗಿ ಕಂಪ್ಯೂಟರಿನ ಲೋಹದ ಪೆಟ್ಟಿಗೆ ಮೇಲೆ ಕೈ ಇಟ್ಟು, ‘ಜುಮ್ ಅಂತದಲ್ಲೋ ಇದು!’ ಅಂತ ಕೈ ಹಿಂದೆಳೆದ. ಮಲ್ಟಿಮೀಟರ್ ತಂದು ಪೆಟ್ಟಿಗೆಗೂ ನಲ್ಲಿಯ ಕಬ್ಬಿಣದ ಪೈಪಿಗೂ ನಡುವೆ ಹಿಡಿದೆ. 108 ವೋಲ್ಟ್!

ವೈರಿಂಗ್ ಹುಡುಗನನ್ನು ಕರೆಸಿದೆ. ಅವನು ಫೇಸ್‌ಗೂ ಅರ್ಥಿಂಗ್‌ಗೂ ನಡುವೆ ಒಂದು ಬಲ್ಬು ಹಿಡಿದ. ಬಲ್ಬು ಸಗಣಿ ಬೆಂಕಿಯ ಹಾಗೆ ಮಂಕಾಗಿ ಕೆಂಪಾಯಿತು, ಉರಿಯಲಿಲ್ಲ. ‘ಅಣ್ಣ, ಅರ್ಥಿಂಗ್ ಒಣಗಿ ಸತ್ತೋಗೇದ’ ಅಂದ. ಹಿತ್ತಲಿಗೆ ಹೋಗಿ ನೋಡಿದರೆ ಹೌದು. ನಮ್ಮದು ಎರೆ ಮಣ್ಣು. ಮಳೆಯಲ್ಲಿ ಕಾಲು ಹಿಡಿದುಕೊಂಡರೆ ಬಿಡುವುದಿಲ್ಲ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಅಗಲ ಬಿರಿಯುತ್ತದೆ. ಅಪ್ಪ ಮನೆ ಕಟ್ಟಿಸಿದಾಗ ಹೂತ ಪೈಪು ಹಾಗೇ ಇತ್ತು. ಆದರೆ ಮಣ್ಣು ಒಣಗಿ ಅದರಿಂದ ಬಿಟ್ಟುಕೊಂಡು ದೂರ ಸರಿದಿತ್ತು. ಕರೆಂಟು ನೆಲಕ್ಕೆ ಇಳಿಯುವ ದಾರಿಯೇ ಇರಲಿಲ್ಲ.

ಒಳಗಿನ ಕಥೆ ಹೀಗೆ. ಕಂಪ್ಯೂಟರಿನ ಅಡಾಪ್ಟರ್ ಒಳಗೆ ಗದ್ದಲ ಸೋಸಲು ಒಂದು ಜೋಡಿ ಸಣ್ಣ ಕೆಪಾಸಿಟರ್ ಇರುತ್ತವೆ. ಸೋಸಿದ ಕೊಳೆಯನ್ನು ಅವು ಅರ್ಥಿಂಗ್‌ಗೆ ಸುರಿಯುತ್ತವೆ. ಅರ್ಥಿಂಗ್ ಇಲ್ಲದಿದ್ದರೆ ಅದು ಪೆಟ್ಟಿಗೆಯ ಮೇಲೆಯೇ ನಿಲ್ಲುತ್ತದೆ, 230 ವೋಲ್ಟಿನ ಅರ್ಧದಷ್ಟು. ಹರಿಯುವ ಕರೆಂಟು ತೀರಾ ಸ್ವಲ್ಪ, ಅದಕ್ಕೇ ಅಪ್ಪನಿಗೆ ಬರೀ ಜುಮ್ ಅಂದಿದ್ದು. ಆದರೆ ಅಷ್ಟೇ ಕರೆಂಟು ಯುಎಸ್‌ಬಿ ತಂತಿ ಹಿಡಿದು ಡ್ಯಾಕಿಗೆ, ಅಲ್ಲಿಂದ ಆಂಪ್ಲಿಫೈಯರಿಗೆ ಹೋಗಿ ಹಾಡಿನ ಜೊತೆ ಕೂತು ಬಿಳಿ ಐದು ಬಾರಿಸುತ್ತಿತ್ತು. ಊರ ಪಕ್ಕದಲ್ಲೇ 1,720 ಮೆಗಾವ್ಯಾಟ್ ಕರೆಂಟ್ ತಯಾರಿಸುವ ಸ್ಥಾವರ ಇಟ್ಟುಕೊಂಡು ನಾನು ಕರೆಂಟಿನ ಈ ಮೊದಲ ಪಾಠ ಕಲಿತಿದ್ದು ನಲವತ್ತೆರಡನೇ ವಯಸ್ಸಿಗೆ.

ಮೂರು ಪಿನ್ನಿನಲ್ಲಿ ಅರ್ಥ್ ಪಿನ್ ಕಿತ್ತುಬಿಡು, ಗುಂಯ್ ನಿಲ್ಲುತ್ತದೆ ಅಂತ ಹೇಳುವವರು ಇದ್ದಾರೆ. ಕೆಲವು ಸಲ ನಿಲ್ಲಲೂಬಹುದು. ಆದರೆ ಆ ಪಿನ್ ಇರುವುದು ಜೀವ ಉಳಿಸಲಿಕ್ಕೆ. ಬರಿಗಾಲಲ್ಲಿ ಹೋಗಿ ಕೈ ಇಟ್ಟಿದ್ದು ನಮ್ಮಪ್ಪ ಅಲ್ವಾ.

ಹೊಸ ಗುಂಡಿ ತೆಗೆಸಿ ಎಂಟು ಅಡಿ ಜಿಐ ಪೈಪ್ ಇಳಿಸಿ, ಸುತ್ತ ಇದ್ದಿಲು, ಉಪ್ಪು ಪದರ ಪದರವಾಗಿ ತುಂಬಿದರು. ಕೂಲಿ, ಸಾಮಾನು ಸೇರಿ 4,500. ಬೇಸಿಗೆಯಲ್ಲಿ ಅದಕ್ಕೆ ನೀರು ಹಾಕುತ್ತಿರಬೇಕು. ಆ ಕೆಲಸ ಅವ್ವ ತಾನೇ ವಹಿಸಿಕೊಂಡಳು. ‘ತುಳಸಿಗೊಂದು ತಂಬಿಗಿ, ನಿಮ್ಮಪ್ಪನ ಪಂಚಮಕ್ಕೊಂದು ಕೊಡ’ ಅನ್ನುತ್ತಾಳೆ. ಜುಮ್ ಅನ್ನುವುದು ಹೋಯಿತು. ಗುಂಯ್ ಮುಕ್ಕಾಲು ಹೋಯಿತು. ಉಳಿದ ಕಾಲು ಭಾಗಕ್ಕೆ ಕಾರಣ, ಕಂಪ್ಯೂಟರು ಆಚೆ ಕೋಣೆಯ ಸಾಕೆಟ್ಟಿನಲ್ಲಿ, ಆಂಪ್ಲಿಫೈಯರು ಈಚೆ ಸಾಕೆಟ್ಟಿನಲ್ಲಿ. ಎರಡು ಕಡೆಯ ಅರ್ಥಿಂಗ್ ವೈರು ಸೇರಿ ಒಂದು ದೊಡ್ಡ ಸುತ್ತು ಆಗಿತ್ತು. ಅದೇ ತೂತಿನಿಂದ ವೈರು ಎಳೆದು ಎಲ್ಲವನ್ನೂ ಒಂದೇ ಬೋರ್ಡಿಗೆ ಹಾಕಿದೆ. ಬಿಳಿ ಐದು ನಿಂತಿತು.

ಇಲ್ಲಿಗೆ ಮುಗಿಯಿತು ಅಂದುಕೊಂಡೆ. ಗುಂಯ್ ಹೋದ ಮೇಲೆ ಕೋಣೆಯ ಬಣ್ಣ ಬಯಲಾಯಿತು. ತಬಲಾದ ಡಗ್ಗಾ ಒಂದೊಂದು ಪೆಟ್ಟಿಗೂ ‘ದುಮ್ಮ್’ ಅಂತ ಊದಿಕೊಳ್ಳುತ್ತಿತ್ತು. ಚಪ್ಪಾಳೆ ತಟ್ಟಿದರೆ ಗೋಡೆಯಿಂದ ಗೋಡೆಗೆ ‘ಟರ್ರ್’ ಅಂತ ಓಡಾಡುತ್ತಿತ್ತು. ಕೆಳಗೆ ಶಹಾಬಾದಿ ಕಲ್ಲು, ಮೇಲೆ ಕಲ್ಲಿನ ಮಾಳಿಗೆ, ಸುತ್ತ ಬರಿಯ ಗಿಲಾವು. ಸ್ನಾನದ ಮನೆಯಲ್ಲಿ ಹಾಡಿದರೆ ಎಲ್ಲರೂ ಗವಾಯಿಗಳೇ. ಆದರೆ ಬೇರೆಯವರು ಹಾಡಿದ್ದನ್ನು ಅಲ್ಲಿ ಕೂತು ಕೇಳಲಾಗುವುದಿಲ್ಲ.

ಮೊದಲು ಅವ್ವನ ಕೌದಿಗಳನ್ನು ಗೋಡೆಗೆ ನೇತುಹಾಕಿದೆ. ‘ಹೊದಿಯೋ ಕೌದಿ ಗ್ವಾಡಿಗ್ಯಾಕ, ಅದಕ್ಕೇನು ಚಳಿಯೇನು?’ ಅಂತ ಬೈಸಿಕೊಂಡೆ. ಟರ್ರ್ ಹೋಯಿತು. ಆದರೆ ದನಿ ಕಂಬಳಿ ಮುಸುಕು ಹಾಕಿಕೊಂಡ ಹಾಗಾಯಿತು, ಡಗ್ಗಾ ಮಾತ್ರ ಹಾಗೇ ಊದುತ್ತಿತ್ತು. ತೆಳು ಬಟ್ಟೆ ನುಂಗುವುದು ಮೇಲಿನ ಸಣ್ಣ ದನಿಗಳನ್ನು ಮಾತ್ರ. 1,000 ಹರ್ಟ್ಸಿನ ಅಲೆಯ ಉದ್ದ 34 ಸೆಂಟಿಮೀಟರ್, 100 ಹರ್ಟ್ಸಿನದು 3.4 ಮೀಟರ್. ಆನೆಯಂಥ ಅಲೆಗೆ ಕೌದಿ ಅಡ್ಡ ಹಿಡಿದರೆ ಏನಾದೀತು? ದಪ್ಪ ಬೇಕು.

ಪಟ್ಟಣಗಳಲ್ಲಿ ಇದಕ್ಕೆ ಗಾಜಿನ ಎಳೆಯ ಹಲಗೆ ಸಿಗುತ್ತದೆ. ನನಗೆ ಸುತ್ತಲೂ ಕಾಣುವುದು ಹತ್ತಿ. ಗಂಜ್‌ನಲ್ಲಿ ಕೂತು ದಿನಾ ಹತ್ತಿಯ ಲೆಕ್ಕ ಬರೆಯುವವನು ಬೇರೇನು ಯೋಚಿಸುತ್ತಾನೆ? ಬಡಿಗೇರರ ಹತ್ತಿರ ನಾಲ್ಕು ಚೌಕಟ್ಟು ಮಾಡಿಸಿದೆ. ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ನಾಲ್ಕು ಇಂಚು ದಪ್ಪ. ಅವನ್ನು ತೀನ್ ಕಂದೀಲ್ ಹತ್ತಿರದ ಗಾದಿ ಅಂಗಡಿಗೆ ಒಯ್ದೆ.

‘ಚಾಚಾ, ಇದರಾಗ ಅರಳಿ ತುಂಬಿಕೊಡ್ರಿ.’

ಚಾಚಾ ಚೌಕಟ್ಟನ್ನು ಅಡ್ಡ ಹಿಡಿದು, ಉದ್ದ ಹಿಡಿದು ನೋಡಿದರು. ‘ಯಾರು ಮಲಗೋರು ಇದರಾಗ? ಕೂಸಿಗೇನು?’

‘ಇಲ್ರಿ, ಗ್ವಾಡಿಗೆ.’

‘ಗ್ವಾಡಿಗೆ ಗಾದಿ!’ ಅಂತ ಪಕ್ಕದ ಅಂಗಡಿಯವರನ್ನೂ ಕರೆದು ತೋರಿಸಿದರು. ಅರ್ಧ ಗಂಟೆ ಅಲ್ಲಿ ನನ್ನದೇ ಸುದ್ದಿ. ಆದರೆ ಕಾರಣ ಹೇಳಿದ ಮೇಲೆ ಅವರು ಗಂಭೀರ ಆದರು. ಅವರ ಅಪ್ಪನ ಕಾಲದಲ್ಲಿ ಬಿಲ್ಲಿನಿಂದ ಹತ್ತಿ ಹಿಂಜುತ್ತಿದ್ದರಂತೆ. ಕೋಣೆಯಲ್ಲಿ ಹಿಂಜಿದ ಅರಳೆ ರಾಶಿ ಬೆಳೆದ ಹಾಗೆಲ್ಲಾ ಬಿಲ್ಲಿನ ಠಣ್ ಠಣ್ ಸದ್ದು ಮೆತ್ತಗಾಗುತ್ತಾ ಹೋಗುತ್ತಿತ್ತಂತೆ. ‘ಹತ್ತಿ ದನಿ ಕುಡಿತದ’ ಅಂದರು. ನಾನು ವಾರಗಟ್ಟಲೆ ಓದಿ ತಿಳಿದಿದ್ದು ಅವರಿಗೆ ಮೂರು ಶಬ್ದದಲ್ಲಿ ಗೊತ್ತಿತ್ತು.

ಒಂದೊಂದಕ್ಕೆ ಎರಡು ಕಿಲೋ ಮೇಲೆ ಅರಳೆ ಹಿಡಿಯಿತು. ಕೆಳಗೆ ಕುಸಿಯದಂತೆ ಗಾದಿಗೆ ಹಾಕುವ ಹಾಗೇ ನಡುನಡುವೆ ಟಾಕಿ ಹಾಕಿದರು. ಮೇಲೆ ಗೋಣಿ ತಟ್ಟಿನ ಹೊದಿಕೆ, ಒಳಗೆ ಹುಳ ಬೀಳದಂತೆ ಒಣಗಿದ ಬೇವಿನೆಲೆ. ಎಲ್ಲಾ ಸೇರಿ 3,800 ರೂಪಾಯಿ. ಗೋಡೆಗೆ ಅಂಟಿಸದೆ ಒಂದು ಗೇಣು ಮುಂದೆ ನಿಲ್ಲಿಸಿದೆ. ಹಿಂದೆ ಗಾಳಿ ಇದ್ದಷ್ಟೂ ಇನ್ನೂ ಕೆಳಗಿನ ದನಿಯನ್ನು ಹಿಡಿಯುತ್ತದೆ. ಹತ್ತಿಗೆ ಬೆಂಕಿಯ ಭಯ ಇದ್ದೇ ಇದೆ. ಹಾಗಾಗಿ ವೈರು, ಬೋರ್ಡು, ದೀಪ ಯಾವುದೂ ಹತ್ತಿರ ಬರದಂತೆ ನೋಡಿಕೊಂಡೆ. ಸ್ಪೀಕರುಗಳನ್ನು ಮೂಲೆಯಿಂದ ಎಳೆದು ಗೋಡೆಯಿಂದ ಎರಡು ಅಡಿ ಮುಂದೆ ಇಟ್ಟೆ. ಎರಡು ಸ್ಪೀಕರು, ಒಂದು ಕುರ್ಚಿ, ಮೂರರ ನಡುವೆಯೂ ಒಂದೇ ದೂರ. ಪುಕ್ಕಟೆ ಆದ ಈ ಕೆಲಸದಿಂದ ಬಂದ ಲಾಭ ಡ್ಯಾಕಿಗಿಂತ ಜಾಸ್ತಿ. ಅಪ್ಪನ ಕುರ್ಚಿಯ ಕಾಲಿನ ಜಾಗಕ್ಕೆ ಸುಣ್ಣದಲ್ಲಿ ಗುರುತು ಹಾಕಿದ್ದೇನೆ. ಕಸ ಗುಡಿಸುವಾಗ ಅವ್ವ ಅದನ್ನು ಅಳಿಸುತ್ತಾಳೆ, ನಾನು ಮತ್ತೆ ಹಾಕುತ್ತೇನೆ.

ಡಗ್ಗಾದ ಊತ ಮಾತ್ರ ಪೂರ್ತಿ ಇಳಿಯಲಿಲ್ಲ. ಜಾತ್ರೆ, ಮದುವೆಗಳಿಗೆ ಸೌಂಡ್ ಸರ್ವಿಸ್ ನಡೆಸುವ ಗೆಳೆಯನಿಂದ ಅಳತೆಯ ಮೈಕ್ ಕಡ ತಂದೆ. ರೂಮ್ ಇಕ್ಯೂ ವಿಝಾರ್ಡ್ ಅನ್ನುವ ತಂತ್ರಾಂಶದಲ್ಲಿ ಕೋಣೆಯನ್ನು ಅಳೆದೆ. 100 ಹರ್ಟ್ಸಿನ ಸುತ್ತ ಗುಡ್ಡದ ಹಾಗೆ ಎದ್ದಿತ್ತು. ಯಾಕೆ ಅಂದರೆ ನಮ್ಮ ಕೋಣೆ 12 ಅಡಿ ಉದ್ದ, 10 ಅಡಿ ಅಗಲ, 11 ಅಡಿ ಎತ್ತರ. ಪ್ರತಿ ಅಳತೆಗೂ ಒಂದು ಸ್ವಂತ ಸ್ವರ ಇರುತ್ತದೆ. ಈ ಮೂರರ ಎರಡನೇ ಸ್ವರಗಳು 94, 113, 102 ಹರ್ಟ್ಸ್. ಮೂವರೂ ಒಂದೇ ಕಡೆ ಗುಂಪು ಕಟ್ಟಿಕೊಂಡು ಕೂಗುತ್ತಿದ್ದರು. ನೋಡಲು ಚೌಕಾಕಾರದ ಕೋಣೆ ಚಂದ, ಕೇಳಲು ಅದೇ ಕೆಟ್ಟದ್ದು. ಇಷ್ಟು ಕೆಳಗಿನ ದನಿಗೆ ನಾಲ್ಕಿಂಚು ಹತ್ತಿಯೂ ಸಾಲದು. ಹಾಗಾಗಿ ಆ ಒಂದು ಜಾಗದಲ್ಲಿ, ಬೇಕಾದ ದನಿಯನ್ನಷ್ಟೇ ಏರಿಸಿ ಇಳಿಸುವ ಈಕ್ವಲೈಜರಿನಿಂದ, 5 ಡೆಸಿಬೆಲ್ ತಗ್ಗಿಸಿದೆ. ಮೊದಲು ವಿಂಡೋಸ್‌ಗೆ ಹಾಕುವ ಈಕ್ವಲೈಜರ್ ಎಪಿಒ ಹಾಕಿ ತಿರುವಿದ್ದೇ ತಿರುವಿದ್ದು, ಏನೂ ಬದಲಾಗಲೊಲ್ಲದು. ಒಂದು ಭಾನುವಾರ ಪೂರ್ತಿ ಹೋಯಿತು. ಎಕ್ಸ್‌ಕ್ಲೂಸಿವ್ ದಾರಿ ಹಿಡಿದ ಹಾಡು ವಿಂಡೋಸಿನ ಬಾಗಿಲಿಗೇ ಬರುವುದಿಲ್ಲ, ಅಲ್ಲಿ ಕಾದು ಕೂತರೆ ಏನು ಸಿಗುತ್ತದೆ? ಪ್ಲೇಯರಿನ ಒಳಗೇ ಈಕ್ವಲೈಜರ್ ಹಾಕಿದ ಮೇಲೆ ಡಗ್ಗಾ ಚರ್ಮದ ಹಾಗೆ ಕೇಳಿತು.

ನಡುವೆ ಒಂದು ಪರೀಕ್ಷೆಯನ್ನೂ ಮಾಡಿಕೊಂಡೆ. ಅದೇ ಹಾಡು, ಒಂದು ಫ್ಲ್ಯಾಕ್, ಇನ್ನೊಂದು ಅದರಿಂದಲೇ ಮಾಡಿದ 320 ಕೆಬಿಪಿಎಸ್ ಎಂಪಿ3. ಯಾವುದು ಯಾವುದು ಅಂತ ಮುಚ್ಚಿಟ್ಟು ಕೇಳಿಸುವ ಎಬಿಎಕ್ಸ್ ಅನ್ನುವ ಪ್ಲಗಿನ್ ಇದೆ. 16 ಸಲದಲ್ಲಿ 12 ಸರಿಯಾದರೆ ನಿಜವಾಗಿ ಗುರುತು ಸಿಕ್ಕಿದೆ ಅನ್ನಬಹುದು. ನನ್ನದು 9. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. ಆದರೂ ಫ್ಲ್ಯಾಕ್ ಇಟ್ಟುಕೊಂಡಿದ್ದೇನೆ. ಅದು ಬೀಜದ ಕಾಳು ಇದ್ದ ಹಾಗೆ, ಅದರಿಂದ ಬೇಕಾದ್ದು ಮಾಡಿಕೊಳ್ಳಬಹುದು. 24 ಬಿಟ್, 192 ಕಿಲೋಹರ್ಟ್ಸ್ ಅಂತ ಹೆಚ್ಚು ದುಡ್ಡಿಗೆ ಮಾರುವ ಫೈಲುಗಳ ಗೊಡವೆಗೆ ಮಾತ್ರ ಹೋಗಲಿಲ್ಲ.

ಫ್ಲ್ಯಾಕ್‌ನಲ್ಲಿ ಇನ್ನೊಂದು ಸುಖ, ನಮಗೆ ಬೇಕಾದ ಹೆಸರಿನ ಖಾನೆ ಮಾಡಿಕೊಳ್ಳಬಹುದು. ನಾನು ‘ರಾಗ’, ‘ಹೊತ್ತು’ ಅಂತ ಎರಡು ಖಾನೆ ಮಾಡಿ ಒಳಗಿನ ವಿವರ ಕನ್ನಡದಲ್ಲೇ ತುಂಬಿದೆ. ಸಂಜೆ ಹೊತ್ತು ತಪ್ಪಿ ತೋಡಿ ಬಂದರೆ ಅಪ್ಪ ಎದ್ದು ಹೋಗಿಬಿಡುತ್ತಾನೆ. ಈಗ ಬೆಳಗ್ಗೆ ಭೈರವ್, ತೋಡಿ. ದೀಪ ಹಚ್ಚುವ ಹೊತ್ತಿಗೆ ಪೂರಿಯಾ, ಯಮನ್. ಮಲಗುವ ಮುಂಚೆ ಮಾಲ್‌ಕೌಂಸ್. ಕ್ಯಾಸೆಟ್ಟುಗಳ ಕೆಲಸ ಇನ್ನೂ ನಡೆದಿದೆ. ಅದರ ಕಥೆ ಬೇರೆ.

ಒಂದು ಸದ್ದನ್ನು ಮಾತ್ರ ನಿಲ್ಲಿಸಲು ಆಗಿರಲಿಲ್ಲ. ಮೇಲೆ ತಿರುಗುವ ಫ್ಯಾನು, ಕಿಟಕಿಯಲ್ಲಿ ನಮ್ಮ ಕೂಲರು, ಅದರಾಚೆ ಓಣಿಯ ಎಲ್ಲಾ ಮನೆಗಳ ಕೂಲರು. ಮೇ ತಿಂಗಳಲ್ಲಿ ರಾಯಚೂರು ರಾತ್ರಿಯಿಡೀ ‘ಹೋ’ ಅನ್ನುತ್ತಿರುತ್ತದೆ. ಮಳೆ ಬಿದ್ದ ಹಾಗೆ ಸದ್ದು, ಮಳೆ ಮಾತ್ರ ಇಲ್ಲ.

ಹೋದ ಬೇಸಿಗೆಯಲ್ಲಿ ಒಂದು ರಾತ್ರಿ, ಹನ್ನೊಂದೂವರೆ ಇರಬೇಕು, ಕರೆಂಟ್ ಹೋಯಿತು. ಓಣಿಯ ಕೂಲರುಗಳೆಲ್ಲಾ ಒಂದೇ ಉಸಿರಿಗೆ ನಿಂತವು. ನಾಯಿಯೂ ಬೊಗಳಲಿಲ್ಲ. ಕತ್ತಲಲ್ಲಿ ಅಪ್ಪ ಕರೆದ.

‘ಎದ್ದೀಯೇನೋ? ಇನ್ವರ್ಟರಿಗೆ ನಿನ್ನ ಪೆಟಿಗಿ ನಡೀತದೇನು?’

‘ನಡೀತದ. ನಲವತ್ತು ವ್ಯಾಟ್ ಸೈತ ತಿನ್ನಂಗಿಲ್ಲ. ಫ್ಯಾನ್ ಹಚ್ಚಲೇನು?’

‘ಫ್ಯಾನ್ ಬ್ಯಾಡ. ಮಾಲ್‌ಕೌಂಸ್ ಹಚ್ಚು.’

ಬನಿಯನ್ನಿನಲ್ಲಿ ಬೆವರು ಸುರಿಸುತ್ತಾ ಇಬ್ಬರೂ ಕೂತೆವು. ಅವ್ವ ಬೀಸಣಿಗೆ ಹಿಡಿದು ಹೊಸ್ತಿಲ ಮೇಲೆ ಕೂತಳು. ಮೊದಲು ತಂಬೂರಿ ಬಂತು. ನಮ್ಮ ಕಡೆ ಜವಾರಿ ಅಂದರೆ ನಾಟಿ, ಜವಾರಿ ಕೋಳಿ, ಜವಾರಿ ಸೌತೆಕಾಯಿ. ತಂಬೂರಿಗೂ ಒಂದು ಜವಾರಿ ಇದೆ. ಕುದುರೆಯ ಮೇಲೆ ತಂತಿಯ ಕೆಳಗೆ ಒಂದು ಹತ್ತಿ ನೂಲು ತೂರಿಸಿ, ಅದನ್ನು ಕೂದಲಷ್ಟು ಆಚೆ ಈಚೆ ಸರಿಸಿದಾಗ ತಂತಿ ಅರಳುತ್ತದಲ್ಲ, ಆ ಝೇಂಕಾರ. ಅವತ್ತು ಅದು ನೂಲು ನೂಲಾಗಿ ಬಿಡಿಸಿಟ್ಟ ಹಾಗೆ ಕೇಳಿತು. ಹಾಡುವವರು ಷಡ್ಜ ಹಿಡಿಯುವ ಮುಂಚೆ ಉಸಿರು ಎಳೆದುಕೊಂಡಿದ್ದು ಕೇಳಿತು. ಹಿಂದೆ ಯಾರೋ ಕೂತಲ್ಲೇ ಮಗ್ಗುಲು ಬದಲಿಸಿದ್ದೂ ಕೇಳಿತು.

ಅಪ್ಪ ಏನೂ ಮಾತಾಡಲಿಲ್ಲ. ತೊಡೆಯ ಮೇಲೆ ಬೆರಳು ಮಾತ್ರ ಆಡುತ್ತಿತ್ತು. ವಿಲಂಬಿತ್ ಮುಗಿದು ದ್ರುತ್ ಶುರುವಾಗುವ ಹೊತ್ತಿಗೆ ಟ್ಯೂಬ್‌ಲೈಟ್ ಮಿಣಿಮಿಣಿ ಅಂತು. ಎದುರು ಮನೆಯ ಕೂಲರು ‘ಹೋ’ ಅಂತ ಬಾಯಿ ತೆರೆಯಿತು. ಅದರ ಹಿಂದೆ ಇನ್ನೊಂದು, ಮತ್ತೊಂದು.

‘ಥೂ’ ಅಂದ ಅಪ್ಪ, ‘ಕರೆಂಟ್ ಬಂತು.’